ಗರುಡ, ಭೇರುಂಡ ಮತ್ತು ಕಡಲ ಕಾಳಗದ ವಿಮಾನಗಳು

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯು ಸಮುದ್ರಮಟ್ಟದಿಂದ 1454 ಮೀಟರು ಎತ್ತರದಲ್ಲಿರುವುದು. ಅಲ್ಲಿ ನಿಂತವರಿಗೆ, ಮಂಜು ಅನುಗ್ರಹಿಸಿ ತುಸು ಸರಿದರೆ, ದಕ್ಷಿಣಕ್ಕೆ ಬಂಡೀಪುರದ ಕಾಡೂ ಅದರಾಚೆ ನೀಲಗಿರಿಯ ಸಾಲೂ ಗೋಚರಿಸುತ್ತವೆ. ಆ ನೀಲಗಿರಿಯ ಮತ್ತೊಂದು ಮಗ್ಗುಲಿನ ತಪ್ಪಲಿನಲ್ಲಿ ಕೊಯಮತ್ತೂರು ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಡಲನ್ನೇ ಕಾಣದ ಆ ಊರಿನಲ್ಲಿ ಬ್ರಿಟಿಷ್ ನೌಕಾದಳದ ಒಂದು ‘ಹಡಗು’ ಇದ್ದಿತೆಂದರೆ ವಾಚಕರು ನಗಬಾರದು. ನೆಲದ ಮೇಲಿನ ತಮ್ಮ ಠಾಣ್ಯಗಳಿಗೂ ಹಡಗಿನ ಹೆಸರನ್ನೇ ಇಡುವುದು ಆ ದಳದವರ ಸಂಪ್ರದಾಯ. ಕೊಯಮತ್ತೂರಿನ ಆ ‘ಹಡಗು’ ನಿಜವಾಗಿ ನೌಕಾವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕಾರ್ಖಾನೆ, 1942ರಲ್ಲಿ ಆರಂಭವಾದುದು. ಅದರ ಹೆಸರು ‘ಗರುಡ’.

ಗೋಪಾಲಸ್ವಾಮಿಯ ಬೆಟ್ಟದ ದಕ್ಷಿಣಕ್ಕೆ ಸ್ವಾಮಿಯ ವಾಹನದ ಹೆಸರಿನ ಠಾಣ್ಯವಿದ್ದುದು ಕೇವಲ ಕಾಕತಾಳೀಯ. ಆದರೆ ಹೆಸರಿಟ್ಟವರು ಪಕ್ಷಿಗಳನ್ನು ಬುದ್ಧಿಪೂರ್ವಕವಾಗಿಯೇ ಆರಿಸಿದರು. ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ 1945ರಲ್ಲಿ ಸ್ಥಾಪಿತವಾದ ನೆಲೆಗೆ ‘ವೈರಿ’ ಎಂದು ನಾಮಕರಣವಾಯಿತು. ಇಲ್ಲಿ ವೈರಿಯೆಂದರೆ ಶತ್ರುವಲ್ಲ, ತಮಿಳು ಸೀಮೆಯ ಗಿಡುಗ. ಮದರಾಸಿನ ತಾಂಬರಮ್ಮಿನದು ‘ವಲ್ಲೂರು’, ಸಿಂಹಳದ ಪುತ್ತಳಮಿನದು ‘ರಾಜಾಲಿಯ’. ಕೊಲಂಬೋ ನಗರದ ನೆಲೆಗೆ ‘ಭೇರುಂಡ’ವೆಂದು ಹೆಸರು. ನಮ್ಮ ಅರಮನೆಯ ಲಾಂಛನದ ಹಕ್ಕಿ ಅಷ್ಟು ದೂರ ಹಾರಿ ಆಂಗ್ಲೇಯರ ನೌಕಾಪಟ್ಟಿಯಲ್ಲಿ ಕುಳಿತದ್ದನ್ನು ಕನ್ನಡಿಗರಲ್ಲಿ ಬಲ್ಲವರು ವಿರಳ.

ಇಷ್ಟೊಂದು ನೆಲೆಗಳು ನಮ್ಮ ಸುತ್ತ ಹುಟ್ಟಿಕೊಂಡುದಕ್ಕೆ ಕಾರಣ 1942ರ ಏಪ್ರಿಲ್ ತಿಂಗಳು. ಆ ತಿಂಗಳ 5ರಂದು ಜಪಾನೀಯರ ವಿಮಾನಗಳು ಕೊಲಂಬೋವಿನ ಮೇಲೆ ಬಿದ್ದವು. 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. 9ರಂದು ತಿರುಕೋಣಮಲೆಯ ಸರದಿ. ಅದೇ 9ರಂದು ಹರ್ಮೀಸ್ ಎಂಬ ವಿಮಾನವಾಹಕ ನೌಕೆಯು ಸಿಂಹಳದ ಪೂರ್ವತೀರದಾಚೆ ಮುಳುಗಿತು. ಆಗ ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ. ಸುಮಾರು 300 ಮಂದಿ ನಾವಿಕರು ಜಲಸಮಾಧಿಯಾದರು. ಸಿಂಹಳದಲ್ಲಿದ್ದ ನೌಕಾದಳದ ಫುಲ್ಮರ್ ವಿಮಾನಗಳಾದರೋ ಎಂಟು ಸಣ್ಣ ಮೆಷೀನ್ ಗನ್ನುಗಳನ್ನು ಹೊತ್ತ ಮಂದಗಾಮಿಗಳು. ಜಪಾನಿನ ಜೀರೋ ವಿಮಾನದ ಮುಂದೆ ಅವುಗಳ ಆಟ ನಡೆಯಲಿಲ್ಲ. ಹಡಗಿನ ಮೇಲಿನ ಕಾಳಗದ ವಿಮಾನವು ಉತ್ತಮವಾಗದ ಹೊರತು ಹಿಂದೂ ಮಹಾಸಾಗರವೂ ನಮ್ಮ ಕರಾವಳಿಯ ಊರುಗಳೂ ಸುರಕ್ಷಿತವಲ್ಲವೆಂಬುದು ಐದೇ ದಿನಗಳಲ್ಲಿ ಎಲ್ಲರಿಗೂ ಮನದಟ್ಟಾಯಿತು.

ಕಡಲ ವಿಮಾನದ ಕಷ್ಟವೇ ಬೇರೆ. ನೆಲದ ವಿಮಾನಕ್ಕೆ ಮೈಲಿಯುದ್ದದ ಬಯಲುಂಟು. ಇದಕ್ಕಾದರೋ ಅಲೆಗಳ ಮೇಲೆ ತೂಗಾಡುವ, ಏಳೆಂಟುನೂರು ಅಡಿ ಉದ್ದದ ಅಟ್ಟವೇ ಗತಿ. ಬಾಲದಡಿಯ ಕೊಕ್ಕೆಯು ಅಟ್ಟಕ್ಕೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿದರೆ ಉಳಿವು; ತಪ್ಪಿದರೆ ಮುಂದಿನ ತಡೆಬೇಲಿಗೆ ಡಿಕ್ಕಿ, ಇಲ್ಲವೇ ಸಮುದ್ರ. ಹಡಗು ವೇಗವಾಗಿ ಗಾಳಿಗೆದುರಾಗಿ ಓಡಿದಷ್ಟೂ ಇಳಿಯುವುದು ಸುಲಭ. 1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೋ ಬಳಿ ಗಾಳಿಯೇ ಬೀಸಲಿಲ್ಲ, ಬೆಂಗಾವಲಿನ ಚಿಕ್ಕ ವಿಮಾನನೌಕೆಗಳಿಗೆ ವೇಗವೂ ಇರಲಿಲ್ಲ. ಆಗ ಸೀಫೈರ್ ವಿಮಾನಗಳು ಶತ್ರುವಿನಿಂದ ಕೆಟ್ಟುದಕ್ಕಿಂತ ಇಳಿಯುವಾಗ ಕಾಲು ಮುರಿದುಕೊಂಡು ಕೆಟ್ಟುದೇ ಬಹಳ ಹೆಚ್ಚು. ಸೀಫೈರೆಂದರೆ ಸ್ಪಿಟ್‌ಫೈರಿಗೆ ಕೊಕ್ಕೆ ಕಟ್ಟಿ ಕಡಲಿಗೆ ಕಳುಹಿಸಿದ್ದು. ಅರಮನೆಯ ಕುದುರೆಯನ್ನು ಗಾಡಿಗೆ ಹೂಡಿದಂತೆ.

ಅಮೆರಿಕದಿಂದ ಬಂದ ಕಾರ್ಸೇರಿನದು ಬೇರೊಂದು ತೊಂದರೆ. 2000 ಅಶ್ವಶಕ್ತಿಯ ಯಂತ್ರವನ್ನು ಹೊತ್ತ ಅದರ ಮೂತಿ ಎಷ್ಟು ಉದ್ದವೆಂದರೆ, ನೇರವಾಗಿ ಇಳಿಯಬಂದ ವೈಮಾನಿಕನಿಗೆ ಹಡಗೇ ಕಾಣದು. ಅಮೆರಿಕದ ನೌಕಾದಳವು ಇದಕ್ಕೆ ಅಂಜಿ ಬಹುಕಾಲ ಅದನ್ನು ದ್ವೀಪಗಳ ನೆಲದ ಮೇಲೆಯೇ ಇಟ್ಟಿತು. ಬ್ರಿಟಿಷರು ಕಮಾನಿನಂತೆ ಬಾಗಿದ ದಾರಿಯಲ್ಲಿ ಬಂದು, ಕಡೆಯ ಗಳಿಗೆಯವರೆಗೆ ಹಡಗನ್ನು ಪಕ್ಕದಿಂದ ನೋಡುತ್ತ ಇಳಿಯುವ ಕ್ರಮವನ್ನು ರೂಢಿಸಿಕೊಂಡರು. ತಮ್ಮ ಹಡಗಿನ ಕೊಟ್ಟಿಗೆಯ ಮಾಡು ತಗ್ಗಾದುದರಿಂದ, ಮಡಿಸಿದ ರೆಕ್ಕೆಗಳು ತಾಗದಂತೆ ಎರಡು ತುದಿಗಳನ್ನೂ ಎಂಟೆಂಟು ಅಂಗುಲ ಕತ್ತರಿಸಿದರು. ಆಶ್ಚರ್ಯವೆಂದರೆ, ಈ ಮೊಟಕು ರೆಕ್ಕೆಯಿಂದ ವಿಮಾನವು ಅಟ್ಟದ ಮೇಲೆ ತೇಲುವ ಚಾಳಿಯೂ ಕಡಮೆಯಾಯಿತು. 1944ರ ಏಪ್ರಿಲಿನಲ್ಲಿ ಈ ಕಾರ್ಸೇರುಗಳು ಮೊದಲು ನಾರ್ವೆಯ ಬಳಿ, ಅನಂತರ ಅದೇ ತಿಂಗಳ 19ರಂದು ಸುಮಾತ್ರದ ಸಬಂಗಿನ ಮೇಲೆ ಹಡಗಿನಿಂದ ಹಾರಿದವು. ಸಬಂಗಿಗೆ ಹೋದ ನೌಕಾಪಡೆ ಹೊರಟದ್ದು ತಿರುಕೋಣಮಲೆಯಿಂದ.

ಪುತ್ತಳಮಿನ ಮಳೆನೆಲದ ಕೆಸರಿನಲ್ಲಿ ಹೂತ ಕಾರ್ಸೇರನ್ನು ಎಳೆದು ತೆಗೆಯಲು ಆನೆಗಳನ್ನು ಕಟ್ಟುತ್ತಿದ್ದರು. ಅದರ ಛಾಯಾಚಿತ್ರ ಇಂದಿಗೂ ಉಳಿದಿದೆ. ಮರದ ದಿಮ್ಮಿಯನ್ನೆಳೆಯುವ ಆನೆಗಳನ್ನು ಕಂಡ ನಮ್ಮ ಸೀಮೆಯವರಿಗೆ ಆ ಚಿತ್ರದಲ್ಲಿ ಆನೆ ಹೊಸದಲ್ಲ, ದಿಮ್ಮಿ ಮಾತ್ರ ಹೊಸದು.

ಇನ್ನು ಆಯುಧದ ಮಾತು. ಕಾರ್ಸೇರು, ಹೆಲ್‌ಕ್ಯಾಟು ಎರಡಕ್ಕೂ ರೆಕ್ಕೆಗಳಲ್ಲಿ ಅರ್ಧ ಅಂಗುಲದ, ಎಂದರೆ 12.7 ಮಿಲಿಮೀಟರಿನ, ಆರು ಮೆಷೀನ್ ಗನ್ನುಗಳು. ಒಂದೊಂದಕ್ಕೆ ಸುಮಾರು 400 ತೋಟಾ. ಒಂದು ಗನ್ನು ಸೆಕೆಂಡಿಗೆ ಹದಿಮೂರರಂತೆ ಗುಂಡು ಹಾರಿಸಿದರೆ, ಮನೆಯ ಮಕ್ಕಳೂ ಲೆಕ್ಕ ಹಾಕಬಹುದು, ಮೂವತ್ತು ಸೆಕೆಂಡಿಗೆ ಬತ್ತಳಿಕೆ ಬರಿದು. ಗಂಟೆಗಟ್ಟಲೆ ಕಡಲ ಮೇಲೆ ಹಾರಿ ಹೋದ ವೀರನ ಕೈಯಲ್ಲಿರುವುದು ಅರ್ಧ ನಿಮಿಷದ ಯುದ್ಧ! ಗುಂಡೊಂದರ ತೂಕ ಸುಮಾರು 45 ಗ್ರಾಂ. ಆರೂ ಗನ್ನುಗಳು ಸೇರಿ ಸೆಕೆಂಡಿಗೆ ಮೂರೂವರೆ ಕಿಲೋಗ್ರಾಮಿನಷ್ಟು ಲೋಹವನ್ನು ಚೆಲ್ಲುತ್ತಿದ್ದವು. ಕವಚವಿಲ್ಲದ, ಬೆಂಕಿಗೆ ಬೇಗ ತುತ್ತಾಗುವ ಎಣ್ಣೆತೊಟ್ಟಿಗಳ ಜೀರೋ ವಿಮಾನಕ್ಕೆ ಇದು ಸಾಲುತ್ತಿದ್ದಿತು. ಹೆಲ್‌ಕ್ಯಾಟಿನವರು 5000ಕ್ಕೂ ಮೇಲ್ಪಟ್ಟು ಶತ್ರುವಿಮಾನಗಳನ್ನು ಕೆಡವಿದೆವೆಂದು ಲೆಕ್ಕ ಕೊಟ್ಟಿದ್ದಾರೆ. ಗೆದ್ದವರು ಬರೆದ ಲೆಕ್ಕವನ್ನು ಸ್ವಲ್ಪ ಸೋಸಿಯೇ ಸ್ವೀಕರಿಸಬೇಕು. ಆದರೂ 1944ರ ಜೂನ್ 19ರಂದು ಫಿಲಿಪೈನ್ ಸಮುದ್ರದಲ್ಲಿ ಜಪಾನಿನ ನೌಕಾವಿಮಾನಬಲದ ಬೆನ್ನೆಲುಬನ್ನು ಮುರಿದದ್ದು ಹೆಲ್‌ಕ್ಯಾಟೇ ಎಂಬುದರಲ್ಲಿ ಸಂದೇಹವಿಲ್ಲ.

ಆ ವರ್ಷದ ಅಕ್ಟೋಬರಿನಿಂದ ಯುದ್ಧದ ಸ್ವರೂಪ ಬದಲಾಯಿತು. ವಿಮಾನವನ್ನೇ ಬಾಂಬನ್ನಾಗಿಸಿ ಹಡಗಿಗೆ ಅಪ್ಪಳಿಸುವ ಕಾಮಿಕಾಜೆಗಳು ಬಂದರು. ಆ ಜಪಾನೀ ಪದಕ್ಕೆ ದೇವಮಾರುತವೆಂದು ಅರ್ಥ. ಸಾಯಲೆಂದೇ ಬಂದವನಿಗೆ ಗಾಯ ಮಾಡಿ ಪ್ರಯೋಜನವೇನು? ಬೆಂಕಿ ಹತ್ತಿದ ವಿಮಾನವೂ ಹಡಗಿನ ಮೇಲೆ ಬೀಳಬಹುದು. ಅದನ್ನು ಗಗನದಲ್ಲಿಯೇ ಛಿದ್ರಮಾಡಬೇಕು. ಅದಕ್ಕೆ ಬೇಕಾದದ್ದು ಒಳಗೆ ಸಿಡಿಮದ್ದು ತುಂಬಿದ, ತಲಾ 130 ಗ್ರಾಂ ತೂಗುವ 20 ಮಿಲಿಮೀಟರಿನ ಫಿರಂಗಿ ಗುಂಡು. ಕಾರ್ಸೇರಿನ ಒಂದು ಪ್ರಭೇದದಲ್ಲಿ ಆರು ಗನ್ನುಗಳನ್ನು ತೆಗೆದು, ಹಿಸ್ಪಾನೋ ಮಾದರಿಯ ನಾಲ್ಕು ಫಿರಂಗಿಗಳನ್ನು ಕೂರಿಸಿದರು. ಅಂಥವು ಆದದ್ದು 200 ಮಾತ್ರ; 1945ರ ಏಪ್ರಿಲಿನಲ್ಲಿ ಓಕಿನಾವದ ಕಾಳಗಕ್ಕೆ ಹೋದವು. ಸೆಕೆಂಡಿಗೆ ಐದು ಕಿಲೋಗ್ರಾಮಿಗೂ ಮೀರಿದ ಗುಂಡಿನ ಮಳೆ, ಅದೂ ಸಿಡಿಯುವ ಮಳೆ. ಆದರೆ ತೋಟಾಗಳು ಕಡಮೆ; ಇಪ್ಪತ್ತು ಚಿಲ್ಲರೆ ಸೆಕೆಂಡಿಗೆ ಮುಗಿಯುತ್ತಿದ್ದವು. ಮೇಲಾಗಿ ಅತಿ ಎತ್ತರದ ಚಳಿಯಲ್ಲಿ ಫಿರಂಗಿ ಹೆಪ್ಪುಗಟ್ಟಿ ಮೂಕವಾಗುತ್ತಿದ್ದಿತು. ಹೆಚ್ಚು ಗುಂಡುಗಳೇ ಮೇಲೋ, ಹಿರಿಯ ಗುಂಡೇ ಮೇಲೋ ಎಂಬ ವಾದ ಯುದ್ಧ ಮುಗಿಯುವವರೆಗೂ ತೀರಲಿಲ್ಲ. ಬಳಿಕ ಫಿರಂಗಿಯೇ ಗೆದ್ದಿತು.

ಇದೇ ಕಾಲದಲ್ಲಿ ಕಾಳಗದ ವಿಮಾನವು ಬಾಂಬಿನ ವಿಮಾನದ ಕೆಲಸವನ್ನೂ ಕಸಿದುಕೊಂಡಿತು. ಅಮೆರಿಕದ ದೊಡ್ಡ ನೌಕೆಯೊಂದರಲ್ಲಿ ಮೊದಲು ಮೂವತ್ತಾರರಷ್ಟಿದ್ದ ಕಾಳಗದ ವಿಮಾನಗಳು 1944ರ ಕೊನೆಗೆ ಎಪ್ಪತ್ತಮೂರಕ್ಕೆ ಏರಿದವು. ಕಾರ್ಸೇರಿನ 1ಡಿ ಎಂಬ ಪ್ರಭೇದವು ಸಾವಿರ ಪೌಂಡಿನ ಎರಡು ಬಾಂಬುಗಳನ್ನೋ, ರೆಕ್ಕೆಗಳಡಿಯಲ್ಲಿ ಐದಂಗುಲದ ಎಂಟು ರಾಕೆಟ್ಟುಗಳನ್ನೋ ಒಯ್ಯಬಲ್ಲದು. ಹೈದರ್, ಟಿಪ್ಪುಗಳ ಸೈನ್ಯದ ‘ಬಾಣ’ವನ್ನು ಆಂಗ್ಲೇಯರು ನಮ್ಮಲ್ಲಿ ಕಂಡು ಕಲಿತು ಹೋದುದು ಪ್ರಸಿದ್ಧವಷ್ಟೆ, ಆ ವಂಶದ ಕುಡಿಯೇ ಇದು. ಯುದ್ಧದ ಕಡೆಯ ತಿಂಗಳುಗಳಲ್ಲಿ ಬಂದ ನಾಲ್ಕನೆಯ ಪ್ರಭೇದಕ್ಕೆ ಮೂರರ ಬದಲು ನಾಲ್ಕು ಅಲಗಿನ ತಿರುಗಾಳಿ, ಗಂಟೆಗೆ 440 ಮೈಲಿಗೂ ಮೀರಿದ ವೇಗ. ಕತ್ತಲಲ್ಲಿ ಬೇಟೆಯಾಡುವ ಹೆಲ್‌ಕ್ಯಾಟಿನ ಬಲರೆಕ್ಕೆಯ ಮೇಲೆ ರೇಡಾರಿನ ಬುರುಡೆ ಇರುತ್ತಿದ್ದಿತು.

ಆದರೆ ಯಂತ್ರ, ಆಯುಧಗಳ ಈ ವರ್ಣನೆಯಿಂದ ವೈಮಾನಿಕರ ಪಾಡು ತಿಳಿಯದು. ಅದಕ್ಕೆ ಪಾಲೆಂಬಾಂಗನ್ನು ನೋಡಬೇಕು. ಸುಮಾತ್ರದ ಈ ಊರಿನ ಎಣ್ಣೆ ಕಾರ್ಖಾನೆಗಳು ಜಪಾನಿನ ಯುದ್ಧಕ್ಕೆ ಜೀವಾಳ. 1945ರ ಜನವರಿ 16ರಂದು ತಿರುಕೋಣಮಲೆಯಿಂದ ನಾಲ್ಕು ವಿಮಾನನೌಕೆಗಳು ಹೊರಟವು. 24ರಂದು ಒಂದು ಕಾರ್ಖಾನೆಯ ಮೇಲೆ, 29ರಂದು ಇನ್ನೊಂದರ ಮೇಲೆ ದಾಳಿ. ಬಾಂಬು ಹೊತ್ತ ಅವೆಂಜರುಗಳಿಗೆ ಕಾರ್ಸೇರು, ಹೆಲ್‌ಕ್ಯಾಟುಗಳ ಕಾವಲು. ಮುಂದಾಗಿ ಹೋದ ಕಾರ್ಸೇರುಗಳ ಒಂದು ತಂಡ ಶತ್ರುವಿನ ವಿಮಾನನಿಲ್ದಾಣಗಳನ್ನು ಗುಂಡಿನಿಂದ ಉತ್ತಿತು. ಕಾರ್ಖಾನೆಗಳ ಮೇಲೆ ತಂತಿ ಕಟ್ಟಿ ಹಾರಿಬಿಟ್ಟ ಬಲೂನುಗಳಿದ್ದವು. ಅವೆಂಜರುಗಳು ಆ ತಂತಿಗಳ ನಡುವೆಯೇ ಧುಮುಕಿದವು. ಎಣ್ಣೆಯ ಉತ್ಪತ್ತಿ ಬಹಳ ಕುಸಿಯಿತು. ತೆತ್ತ ಬೆಲೆ 41 ವಿಮಾನಗಳು. ಅವುಗಳಲ್ಲಿ ಶತ್ರುವಿನ ಕೈಯಲ್ಲಿ ಹೋದವು 16. ಮಿಕ್ಕ 25 ಕಡಲಿಗಿಳಿದು, ಇಲ್ಲವೇ ಹಡಗಿನ ಮೇಲೆ ಇಳಿಯುವಾಗ ಒಡೆದು ಹೋದವು. ಆರು ಗನ್ನುಗಳಲ್ಲಿ ಯಾವುದೂ ಈ 25ನ್ನು ಉಳಿಸಲಾರದು. ಮೂವತ್ತು ಮಂದಿ ವೈಮಾನಿಕರು ಹಿಂದಿರುಗಲಿಲ್ಲ. ಸೆರೆಸಿಕ್ಕ ಒಂಬತ್ತು ಮಂದಿಯನ್ನು ಸಿಂಗಾಪುರಕ್ಕೆ ಒಯ್ದು ಅದೇ ವರ್ಷ ತಲೆ ಕಡಿದರು. ಇಪ್ಪತ್ತರ ಆಚೀಚಿನ ಹುಡುಗರು. ಅವರ ತಾಯಂದಿರಿಗೆ ನಿಜಸಂಗತಿ ತಿಳಿದದ್ದು ಯುದ್ಧವೆಲ್ಲ ಮುಗಿದ ಮೇಲೆ.

ಕಡೆಯ ಕಾಳಗ ಸೀಫೈರಿನ ಪಾಲಿಗೆ ಬಂದಿತು. ಸಲೆರ್ನೋವಿನಲ್ಲಿ ನಗೆಪಾಟಲಾಗಿದ್ದ ಈ ವಿಮಾನಕ್ಕೆ ಎರಡು ಫಿರಂಗಿ, ನಾಲ್ಕು ಸಣ್ಣ ಗನ್ನುಗಳ ಮಿಶ್ರ ಆಯುಧ. 1945ರ ಆಗಸ್ಟ್ 15ರ ಬೆಳಿಗ್ಗೆ, ಜಪಾನಿನ ಚಕ್ರವರ್ತಿಯ ಶರಣಾಗತಿಯ ಮಾತು ರೇಡಿಯೋದಲ್ಲಿ ಕೇಳಿಬರುವುದಕ್ಕೆ ಕೆಲವು ಗಂಟೆ ಮೊದಲು, ಇಂಡಿಫ್ಯಾಟಿಗಬಲ್ ನೌಕೆಯ ಸೀಫೈರುಗಳು ಟೋಕಿಯೋ ಬಳಿ ಹನ್ನೆರಡರಷ್ಟು ಜೀರೋಗಳೊಡನೆ ಸೆಣಸಿ ಎಂಟನ್ನು ಕೆಡವಿದೆವೆಂದವು. ಕೊಡೆಯಿಂದ ಇಳಿದ ಫ್ರೆಡ್ ಹಾಕ್ಲಿ ಎಂಬ ತರುಣ ಸೆರೆಯಾದನು. ಶರಣಾಗತಿಯು ಘೋಷಿತವಾದ ಅದೇ ದಿನದ ರಾತ್ರಿ ಅವನನ್ನು ಕೊಂದರು. ಕೊಂದವರಿಗೆ ಮುಂದೆ ವಿಚಾರಣೆಯಾಗಿ ಶಿಕ್ಷೆಯಾಯಿತು.

ಬ್ರಿಟಿಷರು ಪಡೆದಿದ್ದ ಸುಮಾರು 2000 ಕಾರ್ಸೇರುಗಳು ಎರವಿನ ಸೊತ್ತು. ಯುದ್ಧ ಮುಗಿದೊಡನೆ ಮರಳಿಸಬೇಕು, ಇಲ್ಲವೇ ಹಣ ತೆರಬೇಕು. ಎರಡೂ ಬೇಡವೆಂದು ಆಸ್ಟ್ರೇಲಿಯದ ತೀರದಾಚೆ ಹೊಸ ವಿಮಾನಗಳನ್ನೂ ಸಮುದ್ರಕ್ಕೆ ನೂಕಿದರು. ಕೊಯಮತ್ತೂರಿನ ಗರುಡನೂ ಸೂಲೂರಿನ ವೈರಿಯೂ 1946ರಲ್ಲಿ ಮುಚ್ಚಿದವು.

ಹೆಸರುಗಳು ಮಾತ್ರ ಸಾಯಲಿಲ್ಲ. 1953ರ ಮೇ 11ರಂದು ಭಾರತದ ನೌಕಾದಳವು ಕೊಚ್ಚಿಯಲ್ಲಿ ತನ್ನ ಮೊದಲ ವಿಮಾನನೆಲೆಯನ್ನು ತೆರೆದು ‘ಗರುಡ’ವೆಂದೇ ಕರೆಯಿತು. ಸೂಲೂರಿನಲ್ಲಿ 1961ರ ಸೆಪ್ಟೆಂಬರ್ 5ರಂದು ‘ಹಂಸ’ ಹುಟ್ಟಿತು. ಗೋವೆಯ ವಿಮೋಚನೆಯಾದ ತರುವಾಯ 1964ರಲ್ಲಿ ದಾಬೋಲಿಮಿಗೆ ವಲಸೆ ಹೋಯಿತು. ಈ ಹಂಸದ ಮರಿಗಳಾದ ಸೀಹಾಕ್ ವಿಮಾನಗಳಿಗಿದ್ದುದು 20 ಮಿಲಿಮೀಟರಿನ ನಾಲ್ಕು ಹಿಸ್ಪಾನೋ ಫಿರಂಗಿಗಳು, ಓಕಿನಾವದ ಆ ಕಾರ್ಸೇರಿನಂತೆಯೇ. 1971ರ ಡಿಸೆಂಬರ್ 4ರಂದು ವಿಕ್ರಾಂತ ನೌಕೆಯಿಂದ ಅವು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗುಗಳ ಮೇಲೆ ಹೋದವು. ವಿಕ್ರಾಂತದ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿದ್ದುದರಿಂದ ಹಡಗು ಪೂರ್ಣವೇಗದಲ್ಲಿ ಓಡುವಂತಿರಲಿಲ್ಲ. ಸಲೆರ್ನೋವಿನ ಹಾಗೆಯೇ ಗಾಳಿಯ ಕೊರತೆ. ಹಲವು ಸೀಹಾಕುಗಳು ಮೈಮೇಲೆ ಗುಂಡಿನ ಗಾಯ ಹೊತ್ತು ಅಟ್ಟಕ್ಕೆ ಮರಳಿ ಕೊಕ್ಕೆ ಹಿಡಿದವು.