ಒಮ್ಮೆ ಬೀಗ ಹಾಕಿದ ಫೈಲ್ ಎಂದೆಂದಿಗೂ ಸುರಕ್ಷಿತವೇ?

ಆಸ್ತಿ ಪತ್ರ, ಬ್ಯಾಂಕ್ ಲೆಕ್ಕ, ವೈದ್ಯರ ವರದಿಗಳನ್ನೆಲ್ಲ ಗೂಢಲಿಪಿಗೆ ಬದಲಿಸಿ ಕ್ಲೌಡ್‌ನಲ್ಲಿ ಇಟ್ಟುಬಿಟ್ಟರೆ ಮತ್ತೆ ಆ ಕಡೆ ನೋಡಬೇಕಿಲ್ಲ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆ ಎಷ್ಟು ನಿಜ ಎಂದು ತಿಳಿಯಲು ಎನ್ಕ್‌ಎಫ್‌ಎಸ್ ಎಂಬ ಹಳೆಯ ತಂತ್ರಾಂಶದ ಕತೆ ಒಳ್ಳೆಯ ಉದಾಹರಣೆ.

2003ರಲ್ಲಿ ವೇಲಿಯಂಟ್ ಗಾಫ್ ಎಂಬುವರು ಲಿನಕ್ಸ್‌ಗಾಗಿ ಇದನ್ನು ರೂಪಿಸಿದರು. ಇದು ಇಡೀ ಡಿಸ್ಕಿಗೆ ಬೀಗ ಹಾಕುವುದಿಲ್ಲ. ಫೋಲ್ಡರಿನೊಳಗಿನ ಒಂದೊಂದು ಫೈಲನ್ನೂ, ಅದರ ಹೆಸರನ್ನೂ ಬೇರೆಬೇರೆಯಾಗಿ ಗೂಢಲಿಪಿಗೆ ಬದಲಿಸುತ್ತದೆ. ಒಂದು ಫೈಲ್ ತಿದ್ದಿದರೆ ಅದೊಂದನ್ನು ಮಾತ್ರ ಕ್ಲೌಡ್‌ಗೆ ಕಳಿಸಿದರೆ ಸಾಕು. ಡ್ರಾಪ್‌ಬಾಕ್ಸ್‌ನಂತಹ ಸೇವೆ ಬಳಸುವವರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

2014ರಲ್ಲಿ ಟೇಲರ್ ಹಾರ್ನ್‌ಬಿ ಎಂಬ ಭದ್ರತಾ ತಜ್ಞರು ಇದನ್ನು ಪರೀಕ್ಷಿಸಿದರು. ಕಳ್ಳನಿಗೆ ಗೂಢಲಿಪಿಯ ಒಂದೇ ಒಂದು ಪ್ರತಿ ಸಿಕ್ಕರೆ ಬಹುಶಃ ತೊಂದರೆಯಿಲ್ಲ, ಬೇರೆಬೇರೆ ಸಮಯದ ಎರಡು ಪ್ರತಿ ಸಿಕ್ಕರೆ ಮಾತ್ರ ಇದು ಸುರಕ್ಷಿತವಲ್ಲ ಎಂಬುದು ಅವರ ತೀರ್ಮಾನ.

ಯಾಕೆ ಹೀಗೆ? ಎನ್ಕ್‌ಎಫ್‌ಎಸ್ ಪ್ರತಿ ಫೈಲನ್ನೂ ಸಣ್ಣ ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಒಂದು ತುಂಡಿನಲ್ಲಿ ಮೊದಲಿದ್ದ ಮಾಹಿತಿಯೇ ಇದ್ದರೆ ಅದರ ಗೂಢಲಿಪಿಯೂ ಮೊದಲಿನಂತೆಯೇ ಇರುತ್ತದೆ. ಮುಚ್ಚಿದ ಲಕೋಟೆಗಳ ಒಂದು ಕಟ್ಟನ್ನು ನೆನಪಿಸಿಕೊಳ್ಳಿ. ಒಳಗಿನದನ್ನು ಓದಲಾಗದು, ಆದರೆ ನಿನ್ನೆಯ ಕಟ್ಟನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟರೆ ಯಾವ ಲಕೋಟೆ ಬದಲಾಗಿದೆ ಎಂದು ಗೊತ್ತಾಗಿಬಿಡುತ್ತದೆ. ಫೈಲಿನ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವುದು ಅನೇಕ ಕ್ಲೌಡ್ ಸೇವೆಗಳ ವಾಡಿಕೆ. ಜನ ಇದನ್ನು ಹೆಚ್ಚು ನೆಚ್ಚಿಕೊಂಡ ಜಾಗವೇ ಇದಕ್ಕೆ ಒಗ್ಗದ ಜಾಗ!

ಇನ್ನೊಂದು ದೋಷವೂ ಇತ್ತು. ಫೈಲನ್ನು ಯಾರಾದರೂ ತಿರುಚಿದರೆ ಪತ್ತೆಹಚ್ಚುವ ವ್ಯವಸ್ಥೆ ಸಾಮಾನ್ಯ ಸೆಟ್ಟಿಂಗಿನಲ್ಲಿ ಚಾಲೂ ಇರುತ್ತಿರಲಿಲ್ಲ. ಚಾಲೂ ಮಾಡಿದರೂ, ಸೆಟ್ಟಿಂಗ್ ಫೈಲನ್ನು ತಿದ್ದಿ ಅದನ್ನು ಆಫ್ ಮಾಡಬಹುದಿತ್ತು.

ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿದ್ದಾಯಿತು. ಆದರೆ ವಿನ್ಯಾಸವನ್ನೇ ಬದಲಿಸಿದರೆ ಜನರ ಹಳೆಯ ಫೈಲುಗಳು ತೆರೆಯುವುದಿಲ್ಲ. ಹೀಗಾಗಿ ಎನ್ಕ್‌ಎಫ್‌ಎಸ್‌ಗಾಗಿ ಕೆಲಸ ಮಾಡಿದ್ದ ಯಾಕೋಬ್ ಉಂಟರ್‌ವುರ್ಜಾಕರ್ 2015ರಲ್ಲಿ ಗೋಕ್ರಿಪ್ಟ್‌ಎಫ್‌ಎಸ್ ಎಂಬ ಹೊಸದನ್ನೇ ಶುರುಮಾಡಿದರು. ಇದು 4096 ಬೈಟ್‌ಗಳ ತುಂಡೊಂದನ್ನು ಬರೆಯುವಾಗಲೆಲ್ಲ ಹೊಸ ಯಾದೃಚ್ಛಿಕ ಸಂಖ್ಯೆ ಬಳಸುತ್ತದೆ, ತಿರುಚಿದರೆ ಪತ್ತೆಯಾಗಲೆಂದು ಪ್ರತಿ ತುಂಡಿಗೂ 16 ಬೈಟ್‌ಗಳ ಮುದ್ರೆ ಒತ್ತುತ್ತದೆ. ಮನೆಯ ಅಡಿಪಾಯ ಸರಿಯಿಲ್ಲದಾಗ ಪಕ್ಕದಲ್ಲಿ ಹೊಸ ಮನೆ ಕಟ್ಟಿದ್ದು ಜಾಣತನ ಎಂದೇ ನಮ್ಮ ಅನಿಸಿಕೆ.

ಹಾಗಾದರೆ ಹಳೆಯ ಫೋಲ್ಡರ್ ಇರುವವರು ಏನು ಮಾಡಬೇಕು? ಪಾಸ್‌ವರ್ಡ್ ಬದಲಿಸಿದರೆ ಸಾಲದು. ಪಾಸ್‌ವರ್ಡ್ ತೆರೆಯುವುದು ಒಳಗಿನ ಅಸಲಿ ಕೀಲಿಯನ್ನು, ಆ ಕೀಲಿ ಹಳೆಯದೇ ಆಗಿ ಉಳಿಯುತ್ತದೆ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ತೆರೆದು ಫೈಲುಗಳನ್ನು ನಕಲು ಮಾಡಬೇಕು, ಎಲ್ಲವೂ ಬಂದಿವೆಯೇ ಎಂದು ಹೋಲಿಸಿ ನೋಡಬೇಕು. ಇದಕ್ಕೆ ಎರಡು ಪಟ್ಟು ಜಾಗ ಬೇಕಾಗುತ್ತದೆ. ಕೆಲಸ ಮುಗಿಯುವ ತನಕ ಹಳೆಯ ಫೋಲ್ಡರಿನಲ್ಲಿ ಅಡಗಿರುವ ಸೆಟ್ಟಿಂಗ್ ಫೈಲನ್ನು ಅಳಿಸಲೇಬೇಡಿ. ಗೂಢಲಿಪಿಯಾದ ಕೀಲಿ ಇರುವುದು ಅದರಲ್ಲೇ, ಅದು ಹೋದರೆ ಪಾಸ್‌ವರ್ಡ್ ಗೊತ್ತಿದ್ದೂ ಪ್ರಯೋಜನವಿಲ್ಲ. ಹೊಸ ತಂತ್ರಾಂಶ ಮೊದಲ ಸಲ ತೋರಿಸುವ ಮೂಲ ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಆಮೇಲೆ ಕ್ಲೌಡ್‌ನಲ್ಲಿರುವ ಹಳೆಯ ಪ್ರತಿಗಳನ್ನು, ಕಸದಬುಟ್ಟಿ ಹಾಗೂ ಆವೃತ್ತಿ ಇತಿಹಾಸ ಸಮೇತ, ಅಳಿಸಿ. ಈಗಾಗಲೇ ಬೇರೆಯವರ ಕೈಸೇರಿದ ಪ್ರತಿಯನ್ನಂತೂ ಮರಳಿ ಪಡೆಯಲಾಗದು. ಆ ಫೈಲುಗಳಲ್ಲಿ ಪಾಸ್‌ವರ್ಡ್‌ಗಳನ್ನು ಬರೆದಿಟ್ಟಿದ್ದರೆ ಅವನ್ನೂ ಬದಲಿಸಿಬಿಡುವುದು ಒಳ್ಳೆಯದು.