ಮನೆ-ತೋಟದ ಕ್ರಯ: ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಅಡಿಕೆ ಮಾರಿ, ಕಾಫಿಯ ಲೆಕ್ಕ ಚುಕ್ತಾ ಆಗಿ, ಕೈಯಲ್ಲಿ ನಾಲ್ಕು ಕಾಸು ಉಳಿಯುವ ಹೊತ್ತಿಗೆ ನಮ್ಮ ಕಡೆ ಆಸ್ತಿಯ ಮಾತುಕತೆಗಳು ಶುರುವಾಗುತ್ತವೆ. ಮಕ್ಕಳೆಲ್ಲ ಪೇಟೆ ಸೇರಿದರೆಂದು ಹಿರಿಯರೊಬ್ಬರು ಮನೆ-ತೋಟ ಕೊಡಲು ಹೊರಡುತ್ತಾರೆ. ಪಕ್ಕದ ತೋಟ ಸಿಕ್ಕಿದರೆ ಒಟ್ಟು ಮಾಡಿಕೊಳ್ಳೋಣವೆಂದು ಇನ್ನೊಬ್ಬರು ಸಾಲಕ್ಕೆ ಅರ್ಜಿ ಹಾಕುತ್ತಾರೆ. ಮಾತು ಮುಗಿದು, ಮುಂಗಡ ಎಣಿಸಿ ಕೊಟ್ಟಾದ ಮೇಲೆ ವಕೀಲರ ನೆನಪಾಗುತ್ತದೆ. ಅಷ್ಟರಲ್ಲಿ ಅಟ್ಟ ಮೇಲೆ ಒಲೆ ಉರಿದಂತಾಗಿರುತ್ತದೆ. ವಕೀಲರ ಸಲಹೆಗೆ ನಿಜವಾದ ಬೆಲೆಯಿರುವುದು ಮುಂಗಡಕ್ಕೆ ಮೊದಲು. ಈ ವಿಷಯದಲ್ಲಿ ಸದಸ್ಯ ಬಾಂಧವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಸಹಿತ ಕೊಡಲಾಗಿದೆ.

ಪ್ರಶ್ನೆ: ಪಹಣಿಯಲ್ಲಿ ಹೆಸರಿದ್ದವರೇ ಮಾಲೀಕರಲ್ಲವೇ?

ಹಾಗೆಂದು ತಿಳಿದೇ ಹಲವರು ಮೋಸಹೋಗುವುದು. ಪಹಣಿ ಮತ್ತು ಖಾತೆ ಕಂದಾಯದ ದಾಖಲೆಗಳು. ಅವುಗಳಲ್ಲಿ ಬರೆದದ್ದು ಸರಿಯೆಂದು ಮೊದಲಿಗೆ ನಂಬಬಹುದಾದರೂ, ಅವು ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು, ಸರ್ಕಾರದ ಮಂಜೂರಾತಿ ಆದೇಶ ಮುಂತಾದವುಗಳಿಂದ, ಇಲ್ಲವೇ ವಾರಸಿನಿಂದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ 100 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಆದ್ದರಿಂದ ಮಾರುವವರಿಗೆ ಈ ಸ್ವತ್ತು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕನಿಷ್ಠ 30 ವರ್ಷಗಳ ಹಿಂದಿನವರೆಗೆ ಪತ್ರಗಳ ಕೊಂಡಿಯನ್ನು ನೋಡುವುದು ರೂಢಿ. ನಡುವೆ ಒಂದು ಕೊಂಡಿ ಇಲ್ಲದಿದ್ದರೆ ಅಲ್ಲಿಯೇ ನಿಂತು ವಿಚಾರಿಸಬೇಕು.

ಪ್ರಶ್ನೆ: ಇ.ಸಿ. ತೆಗೆಸಿದ್ದೇವೆ, ಏನೂ ಇಲ್ಲ. ಸಾಲದೇ?

ಸಾಲದು. ಋಣಭಾರ ಪತ್ರದಲ್ಲಿ ಕಾಣುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ. ವ್ಯವಹಾರವಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಅದನ್ನು ಕೊಡುತ್ತಾರೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವು ಅದರಲ್ಲಿ ಬರದೇ ಇರಬಹುದು. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು. ತನಗೆ ಗೊತ್ತಿರಲಿಲ್ಲವೆಂದರೆ ನಡೆಯದು.

ಸಹಕಾರ ಸಂಘದ ಬೆಳೆಸಾಲವಿದ್ದರೆ ಅದು ಪಹಣಿಯ 11ನೇ ಕಾಲಂನಲ್ಲಿ ಋಣವಾಗಿ ದಾಖಲಾಗಿರುತ್ತದೆ. ಆ ಕಾಲಂ ನೋಡಿ, ಸಂಘದಿಂದ ಬೇಬಾಕಿ ಪತ್ರ ಕೇಳಿ. ಸಾಲವಿದೆಯೆಂದ ಮಾತ್ರಕ್ಕೆ ವ್ಯವಹಾರ ಬಿಡಬೇಕಿಲ್ಲ. ಬಾಕಿಯ ಮೊತ್ತವನ್ನು ಕೊಳ್ಳುವವರೇ ನೇರವಾಗಿ ಸಂಘಕ್ಕೆ ಕಟ್ಟಿ, ಉಳಿದದ್ದನ್ನು ಮಾರುವವರಿಗೆ ಕೊಡುವುದೆಂದು ಕರಾರಿನಲ್ಲಿಯೇ ಬರೆಯಬಹುದು. ಇನ್ನೊಂದು ಮುಖ್ಯ ಮಾತು: ಜೆರಾಕ್ಸ್ ಪ್ರತಿಯಿಂದ ತೃಪ್ತರಾಗದೆ ಮೂಲ ಪತ್ರಗಳನ್ನೇ ಕಣ್ಣಾರೆ ನೋಡಿ. ಮೂಲ ಪತ್ರವನ್ನು ಸಾಲಕ್ಕಾಗಿ ಒಪ್ಪಿಸಿಟ್ಟರೆ ಅದೂ ಕಾನೂನಿನ ದೃಷ್ಟಿಯಲ್ಲಿ ಅಡಮಾನವೇ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಮದುವೆ ಮಾಡಿಕೊಟ್ಟು ಬಹಳ ಕಾಲವಾಯಿತು. ಅವರ ಸಹಿಯೂ ಬೇಕೇ?

ಮನೆಯೊಳಗಿನ ಬೇಸರಗಳು ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಇಲ್ಲಿಂದಲೇ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ 2005ರ ಸೆಪ್ಟೆಂಬರ್ 9ರಿಂದ ಮಗಳಿಗೂ ಮಗನಷ್ಟೇ ಹಕ್ಕಿದೆ. ಮದುವೆಯಾಗಿದ್ದರೂ ಸರಿ. ಆ ದಿನ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲುಗಳಿಗೆ ಇದರಿಂದ ಬಾಧಕವಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಬೇರೆ ವಾರಸಾ ಕಾನೂನುಗಳಿದ್ದು, ಅಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲುಂಟು.

ಅಣ್ಣತಮ್ಮಂದಿರಿಬ್ಬರು ಸಹಿ ಹಾಕಿ ತೋಟ ಮಾರಿದರೆಂದಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ಅಕ್ಕನ ಹೆಸರನ್ನೇ ಬಿಟ್ಟಿದ್ದಾರೆ. ಕೆಲವು ವರ್ಷಗಳ ನಂತರ ಅಕ್ಕ ತನ್ನ ಪಾಲಿಗೆ ದಾವೆ ಹೂಡಿದರೆ, ಅಷ್ಟರಲ್ಲಿ ಸಸಿ ನೆಟ್ಟು, ಬೇಲಿ ಹಾಕಿ, ಬಾವಿ ತೋಡಿಸಿದ ಕೊಂಡವರೂ ಪ್ರತಿವಾದಿಯಾಗಿ ನಿಲ್ಲಬೇಕಾಗುತ್ತದೆ. ಆದ್ದರಿಂದ ವಂಶವೃಕ್ಷ ಪಡೆದು, ಅದರಲ್ಲಿ ಎಲ್ಲರ ಹೆಸರೂ ಇದೆಯೇ ಎಂದು ಊರವರಲ್ಲಿ ವಿಚಾರಿಸಿ, ಎಲ್ಲ ಹಕ್ಕುದಾರರನ್ನೂ ಪತ್ರದಲ್ಲಿ ಸಹಿದಾರರನ್ನಾಗಿ ಸೇರಿಸಿಕೊಳ್ಳಿ. ಅಕ್ಕತಂಗಿಯರು ಪಾಲು ಬೇಡವೆಂದರೆ ಬಾಯಿಮಾತು ಸಾಲದು, ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಅಪ್ರಾಪ್ತ ವಯಸ್ಸಿನ ಮಗುವಿನ ಹೆಸರಿನಲ್ಲಿರುವ ಸ್ವತ್ತನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಂದೆತಾಯಿಯೂ ಮಾರುವಂತಿಲ್ಲ.

ಪ್ರಶ್ನೆ: ಕರಾರು ಮಾಡಿ ಜಿ.ಪಿ.ಎ. ಬರೆಸಿಕೊಂಡರೆ ಸ್ವತ್ತು ನಮ್ಮದಾಯಿತಲ್ಲವೇ?

ಇಲ್ಲ. ಕರಾರು ಎಂಬುದು ಮುಂದೆ ಮಾರುತ್ತೇನೆಂಬ ಮಾತು ಮಾತ್ರ. ಜಿ.ಪಿ.ಎ., ಕರಾರು, ಉಯಿಲುಗಳ ಮೂಲಕ ಮಾಡಿದ ‘ಮಾರಾಟ’ದಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು 2011ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಕರಾರಿನಲ್ಲಿ ಒಟ್ಟು ಬೆಲೆ, ಮುಂಗಡ, ಉಳಿಕೆ ಹಣದ ಗಡುವು, ಸ್ವಾಧೀನದ ದಿನ, ಯಾರಾದರೂ ತಪ್ಪಿದರೆ ಮುಂಗಡದ ಗತಿಯೇನು ಎಂಬುದೆಲ್ಲ ಇರಲಿ. ನಿಂತಿರುವ ಫಸಲು ಯಾರಿಗೆಂಬುದನ್ನೂ ಬರೆಯಿರಿ. ಗೊನೆ ಕೊಯ್ಲಿನ ಮುಂಚೆ ನಡೆಯುವ ಕ್ರಯಗಳಲ್ಲಿ ಜಗಳಕ್ಕೆ ಇದೊಂದೇ ಸಾಕು. ಎದುರಿನವರು ಕ್ರಯಪತ್ರ ಮಾಡಿಕೊಡಲು ಒಪ್ಪದಿದ್ದರೆ, ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು.

ಪ್ರಶ್ನೆ: ತೋಟದ ಜೊತೆಗಿರುವ ಬೆಟ್ಟವೂ ನಮಗೆ ಬರುತ್ತದೆಯೇ?

ಸೊಪ್ಪಿನ ಬೆಟ್ಟ, ಕುಮ್ಕಿ, ಬಾಣೆ, ಹಾಡಿ ಮುಂತಾದವುಗಳ ಮೇಲೆ ನಮಗಿರುವುದು ಸಾಮಾನ್ಯವಾಗಿ ಸೊಪ್ಪು, ಸೌದೆ, ಮೇವುಗಳ ಸವಲತ್ತು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಈ ಸವಲತ್ತನ್ನು ಉಳಿಸಿಕೊಟ್ಟಿದೆ. ಅದನ್ನು ಹಿಡುವಳಿ ಜಮೀನಿನಂತೆ ಎಕರೆ ಲೆಕ್ಕದಲ್ಲಿ ಮಾರಲು ಬರುವುದಿಲ್ಲ. ಬೇಲಿಯೊಳಗೆ 5 ಎಕರೆ ಕಂಡರೂ ಹಿಡುವಳಿ 2 ಎಕರೆ ಇರಬಹುದು. ಆದ್ದರಿಂದ ಬೆಲೆ ಮಾತಾಡುವ ಮೊದಲು ಅಳತೆ ಮಾಡಿಸಿ, ಚೆಕ್ಕುಬಂದಿ ತಾಳೆ ನೋಡಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು.

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ರಕ್ಷಣೆ ಹಾಗೆಯೇ ಇದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾಡಿದ ಕ್ರಯ ಅಲ್ಲಿ ಅಸಿಂಧು. ಬೇರೆ ಮಂಜೂರಾತಿ ಜಮೀನುಗಳಿಗೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರಬಹುದು. ಮೂಲ ಮಂಜೂರಾತಿ ಆದೇಶವನ್ನು ಓದದೆ ಮುಂದುವರಿಯಬೇಡಿ.

ಪ್ರಶ್ನೆ: ಮನೆಗೆ ಬೇರೆ ಕಾಗದಗಳು ಬೇಕೇ?

ಮನೆ ಎಲ್ಲಿದೆಯೆಂಬುದರ ಮೇಲೆ ಹೋಗುತ್ತದೆ. ಊರೊಳಗಿನ ಮನೆಯಾದರೆ ಗ್ರಾಮ ಪಂಚಾಯತಿಯ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಖಾತೆ ನೋಡಬೇಕು. ತೋಟದೊಳಗಿನ ಮನೆಗೆ ಪ್ರತ್ಯೇಕ ಖಾತೆ ಇಲ್ಲದಿರಬಹುದು. ಆಗ ಪತ್ರದಲ್ಲಿ ಜಮೀನಿನೊಡನೆ ಮನೆ, ಕೊಟ್ಟಿಗೆ, ಬಾವಿ, ಪಂಪ್‌ಸೆಟ್, ಓಡಾಡುವ ದಾರಿ, ನೀರಿನ ಹಕ್ಕು ಎಲ್ಲವನ್ನೂ ವಿವರವಾಗಿ ಬರೆಸಿಕೊಳ್ಳಿ. ಇನ್ನೊಬ್ಬರ ತೋಟದ ಮೂಲಕ ಬರುವ ದಾರಿಯಾದರೆ ಅದು ದಾಖಲೆಯಲ್ಲಿದೆಯೇ, ಬರಿಯ ಸ್ನೇಹದ ಮೇಲೆ ನಡೆಯುತ್ತಿದೆಯೇ ಎಂದು ಕೇಳಿ.

ಪ್ರಶ್ನೆ: ಮಾರುವವರು ಎಚ್ಚರ ವಹಿಸಬೇಕಾದುದೇನು?

ಹಣ ಪೂರ್ತಿ ಬರುವ ಮೊದಲು ಸಹಿ ಹಾಕಬೇಡಿ. ಪತ್ರ ನೋಂದಣಿಯಾದ ಮೇಲೆ ಚೆಕ್ಕು ವಾಪಸು ಬಂದರೆ ಸ್ವತ್ತು ತಾನಾಗಿ ಮರಳಿ ಬರುವುದಿಲ್ಲ, ಉಳಿಕೆಗಾಗಿ ಕೋರ್ಟಿಗೆ ಅಲೆಯಬೇಕಾದೀತು. ಡಿ.ಡಿ. ಅಥವಾ ಬ್ಯಾಂಕ್ ವರ್ಗಾವಣೆಯೇ ಲೇಸು. 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಶುಲ್ಕ ಉಳಿಸಲು ಪತ್ರದಲ್ಲಿ ಬೆಲೆ ಕಡಿಮೆ ತೋರಿಸುವುದೂ ಬೇಡ. ವ್ಯವಹಾರ ಕೆಟ್ಟರೆ ಕೊಂಡವರು ಕೇಳಬಹುದಾದದ್ದು ಪತ್ರದಲ್ಲಿ ಬರೆದಷ್ಟನ್ನೇ.

ಪ್ರಶ್ನೆ: ಪತ್ರ ಬರೆಯುವವರಿದ್ದಾರೆ, ರಿಜಿಸ್ಟ್ರಾರರೂ ನೋಡುತ್ತಾರೆ. ವಕೀಲರು ಏಕೆ?

ಪತ್ರ ಬರಹಗಾರರ ಕೆಲಸ ನೀವು ಹೇಳಿದ್ದನ್ನು ಕ್ರಮವಾಗಿ ಬರೆಯುವುದು. ಸಬ್ ರಿಜಿಸ್ಟ್ರಾರರು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಮಾರುವವರ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಹಕ್ಕಿನ ಪರಿಶೀಲನೆ ಕೊಳ್ಳುವವರ ಹೊಣೆ. ಆ ಕೆಲಸಕ್ಕೇ ವಕೀಲರು. ಎರಡೂ ಕಡೆಗೆ ಒಬ್ಬರೇ ವಕೀಲರು ಬೇಡ. ಎದುರಿನವರು ಎಷ್ಟೇ ಹತ್ತಿರದವರಾದರೂ ನಿಮ್ಮ ಪರವಾಗಿ ನೋಡುವವರು ಬೇರೆಯೇ ಇರಲಿ. ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ, ಫೀಜನ್ನು ಮೊದಲೇ ಮಾತಾಡಿಕೊಳ್ಳಿ.

ನೋಂದಣಿಯೊಂದಿಗೆ ಕೆಲಸ ಮುಗಿಯಿತೆಂದು ಕುಳಿತುಕೊಳ್ಳಬೇಡಿ. ಮ್ಯುಟೇಷನ್ ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ, ಹಳೆಯ ಋಣ ತೆಗೆದುಹಾಕಿದ್ದಾರೆಯೇ, ವಿದ್ಯುತ್ ಮೀಟರಿನ ಹೆಸರು ಬದಲಾಯಿತೇ ಎಂದು ಖಚಿತಪಡಿಸಿಕೊಳ್ಳಿ. ಮುಂದಿನ ಬಾರಿ ವಕೀಲರ ಬಳಿ ಹೋಗುವಾಗ ಮೂಲ ಪತ್ರಗಳು, 30 ವರ್ಷದ ಇ.ಸಿ., ಪಹಣಿ ಮತ್ತು ಮ್ಯುಟೇಷನ್ ಪ್ರತಿಗಳು, ವಂಶವೃಕ್ಷ, ಸರ್ವೆ ನಕ್ಷೆ, ತೆರಿಗೆ ರಶೀದಿ ಮತ್ತು ಸಂಘದ ಬೇಬಾಕಿ ಪತ್ರ, ಇಷ್ಟನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಮುಂಗಡದ ಹಣ ಮಾತ್ರ ಅಂದು ಮನೆಯಲ್ಲಿಯೇ ಇರಲಿ.