ಪಾಠ, ಪೂಜೆ, ದ್ರಾಕ್ಷಿ: ಸೆವೆನ್‌ಹಿಲ್‌ನ ಸನ್ಯಾಸಿಗಳು

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 130 ಕಿ.ಮೀ. ಹೋದರೆ ಕ್ಲೇರ್ ಕಣಿವೆ. ಅಲ್ಲಿನ ಸೆವೆನ್‌ಹಿಲ್ ಎಂಬ ಊರಿನಲ್ಲಿ ಕಲ್ಲಿನ ಚರ್ಚು, ಹಳೆಯ ಕಾಲೇಜು ಕಟ್ಟಡ, ವೈನ್ ಮಾಗಿಸುವ ನೆಲಮಾಳಿಗೆ ಮೂರೂ ಒಂದೇ ಕಡೆ ಇವೆ. ಕಟ್ಟಿದವರು ಯೇಸುಸಭೆಯ ಸನ್ಯಾಸಿಗಳು. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದೂ ಇದೇ ಸಭೆ. ಸೆವೆನ್‌ಹಿಲ್‌ನ ಚರ್ಚು, ಕಾಲೇಜುಗಳಿಗೂ ಅಲೋಶಿಯಸ್ಸರದೇ ಹೆಸರು. ಪ್ಲೇಗ್ ಪೀಡಿತರ ಸೇವೆಗೆ ನಿಂತು 1591ರಲ್ಲಿ, 23ನೇ ವಯಸ್ಸಿಗೇ ರೋಮ್‌ನಲ್ಲಿ ತೀರಿಕೊಂಡ ಸಂತರು ಅವರು.

1848ರ ಕ್ರಾಂತಿಯ ವರ್ಷ ಆಸ್ಟ್ರಿಯಾ ಯೇಸುಸಭೆಯವರನ್ನು ಹೊರಹಾಕಿತು. ಆಗ ಸಿಲೇಶಿಯಾದ ರೈತ ಫ್ರಾನ್ಸ್ ವೈಕರ್ಟ್ ಒಂದಷ್ಟು ಕುಟುಂಬಗಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಿದ್ದ. ಅವರ ಹಡಗಿನಲ್ಲಿ ಬಂದ ಯೇಸುಸಭೆಯ ಇಬ್ಬರು ಗುರುಗಳಲ್ಲಿ ಒಬ್ಬರು ಆರೋಗ್ಯ ಕೆಟ್ಟು ಯುರೋಪಿಗೆ ಮರಳಿದರು. ಉಳಿದವರು ಫಾದರ್ ಅಲೋಶಿಯಸ್ ಕ್ರಾನೆವಿಟ್ಟರ್. 1851ರಲ್ಲಿ 100 ಎಕರೆ ಕೊಂಡು, ರೋಮಿನ ಏಳು ಬೆಟ್ಟಗಳ ನೆನಪಿಗೆ ಅದನ್ನು ಸೆವೆನ್‌ಹಿಲ್ ಎಂದು ಕರೆದರು.

ದ್ರಾಕ್ಷಿ ನೆಟ್ಟಿದ್ದು ಮುಖ್ಯವಾಗಿ ಬಲಿಪೂಜೆಗಾಗಿ. ಕಥೋಲಿಕ ಸಭೆಯ ನಿಯಮದಲ್ಲಿ ಪೂಜೆಯ ವೈನ್ ದ್ರಾಕ್ಷಿಯದೇ ಆಗಿರಬೇಕು, ಸ್ವಾಭಾವಿಕವಾಗಿರಬೇಕು, ಕೆಟ್ಟಿರಬಾರದು. ಬೇರೆ ಹಣ್ಣಿನ ರಸ ಬೆರೆಸುವಂತಿಲ್ಲ. ಯುರೋಪಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ತರಿಸುವ ಬದಲು ತಾವೇ ಮಾಡಿಕೊಳ್ಳುವುದು ಅವರಿಗೆ ಸರಿಯೆನಿಸಿತು. ಬ್ರದರ್ ಯೋಹಾನ್ ಶ್ರೈನರ್ ಹತ್ತಿರದ ಬಂಗರೀ ಜಮೀನಿನಿಂದ ಬಳ್ಳಿಯ ತುಂಡುಗಳನ್ನು ತಂದು ನೆಟ್ಟರು. ಕ್ಲೇರ್ ಕಣಿವೆಯ ಮೊದಲ ವೈನರಿ ಹುಟ್ಟಿದ್ದು ಹೀಗೆ.

ಪಾಠ, ಧರ್ಮಕೇಂದ್ರ, ತೋಟ ಮೂರನ್ನೂ ಬೆರಳೆಣಿಕೆಯ ಜನ ಹೇಗೆ ನಿಭಾಯಿಸಿದರು? ಯೇಸುಸಭೆಯಲ್ಲಿ ಫಾದರ್ ಮತ್ತು ಬ್ರದರ್ ಎಂಬ ಎರಡು ಬಗೆಯ ಸನ್ಯಾಸಿಗಳಿದ್ದಾರೆ. ಗುರುದೀಕ್ಷೆ ಪಡೆದ ಫಾದರ್‌ಗಳು ಪೂಜೆ, ಪಾಪನಿವೇದನೆ, ಪಾಠಗಳಲ್ಲಿ ಇರುತ್ತಿದ್ದರು. ದೂರದೂರದ ವಸತಿಗಳನ್ನೂ ಸುತ್ತಬೇಕಿತ್ತು. ಗುರುದೀಕ್ಷೆ ಪಡೆಯದ ಬ್ರದರ್‌ಗಳ ಪಾಲಿಗೆ ಉಳುಮೆ, ಬಡಗಿ ಕೆಲಸ, ಅಡುಗೆ, ವೈನ್ ಬಂದವು. ಚರಿತ್ರೆಯಲ್ಲಿ ಫಾದರ್‌ಗಳ ಹೆಸರೇ ಹೆಚ್ಚು ಉಳಿಯುತ್ತದೆ. ಆದರೆ ಸೆವೆನ್‌ಹಿಲ್‌ನ ಬೆನ್ನೆಲುಬು ಬ್ರದರ್‌ಗಳು ಎಂದೇ ನನ್ನ ನಂಬಿಕೆ. ಏಳು ಮಂದಿ ಬ್ರದರ್‌ಗಳು ಒಬ್ಬರಾದ ಮೇಲೊಬ್ಬರು ಇಲ್ಲಿ ವೈನ್ ಮಾಡಿದರು. 1972ರಲ್ಲಿ ಹೊಣೆ ಹೊತ್ತ ಬ್ರದರ್ ಜಾನ್ ಮೇ ಏಳನೆಯವರು.

ನಿಜವಾದ ಇಕ್ಕಟ್ಟು ಪಂಚಾಂಗದ್ದು. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಚರ್ಚಿನಲ್ಲಿ ದೊಡ್ಡ ಹಬ್ಬಗಳಿಲ್ಲ. ದಕ್ಷಿಣ ಗೋಳದಲ್ಲಿ ಋತು ತಿರುಗುಮುರುಗು. ಕ್ಲೇರ್‌ನಲ್ಲಿ ಹಣ್ಣು ಮಾಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ತಪಸ್ಸುಕಾಲ, ಪವಿತ್ರ ವಾರ, ಈಸ್ಟರ್ ಬರುವುದೂ ಹೆಚ್ಚುಕಡಿಮೆ ಆಗಲೇ. ಹಣ್ಣು ಯಾರಿಗೂ ಕಾಯುವುದಿಲ್ಲ: ಬಿಸಿಲಿಗೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಕೆಲವೇ ದಿನ ತಡವಾದರೂ ವೈನಿನ ರುಚಿಯೇ ಬದಲಾಗುತ್ತದೆ. ಕೆಂಪು ವೈನ್ ಹುದುಗುವಾಗ ಸಿಪ್ಪೆಗಳು ಮೇಲೆದ್ದು ಗಟ್ಟಿಯಾಗಿ ಕೂರುತ್ತವೆ. ದಿನಕ್ಕೆ ಕೆಲವು ಬಾರಿ ಅವನ್ನು ರಸದೊಳಕ್ಕೆ ಅದುಮಬೇಕು. ಗುಡ್‌ಫ್ರೈಡೆ ಎಂದು ಅದನ್ನು ಬಿಡುವಂತಿಲ್ಲ. ಶಿಲುಬೆಯ ಹಾದಿಯ ಪ್ರಾರ್ಥನೆಯ ಜೊತೆಜೊತೆಗೇ ಪೀಪಾಯಿಗಳನ್ನೂ ನೋಡಿಕೊಂಡವರ ಶಿಸ್ತು ನನ್ನಲ್ಲಿ ಗೌರವ ಹುಟ್ಟಿಸುತ್ತದೆ.

ಕಾಲೇಜು 1856ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಇಲ್ಲಿ ದೈವಶಾಸ್ತ್ರ ಓದಿದ ಜೂಲಿಯನ್ ಟೆನಿಸನ್ ವುಡ್ಸ್ ಮುಂದೆ, 1866ರಲ್ಲಿ, ಮೇರಿ ಮೆಕಿಲಪ್ ಜೊತೆ ಸಂತ ಜೋಸೆಫರ ಭಗಿನಿಯರ ಸಭೆ ಸ್ಥಾಪಿಸಿದರು. ಮೇರಿ 2010ರಲ್ಲಿ ಆಸ್ಟ್ರೇಲಿಯಾದ ಮೊದಲ ಸಂತರಾದರು. 1864ರಲ್ಲಿ ಶುರುವಾದ ಚರ್ಚು ಮುಗಿದದ್ದು 1875ರಲ್ಲಿ. ಅದರ ನೆಲದಡಿಯ ಸಮಾಧಿಕೋಣೆಯಲ್ಲಿ ಯೇಸುಸಭೆಯವರನ್ನು ಹೂಳಲಾಗಿದೆ.

ಜಗತ್ತಿನ ಧರ್ಮಗಳನ್ನು ಪಾಠ ಮಾಡುವ ಇಂದಿನ ಮೇಷ್ಟರುಗಳಿಗೆ ಈ ತೋಟ ತುಂಬ ಉಪಯೋಗಕ್ಕೆ ಬಂದೀತು. ಯೆಹೂದ್ಯರು ಸಬ್ಬತ್ ಸಂಜೆ ಬಟ್ಟಲು ಹಿಡಿದು ದೇವರನ್ನು ಸ್ತುತಿಸುತ್ತಾರೆ, ಪಾಸ್ಕ ರಾತ್ರಿ ನಾಲ್ಕು ಬಟ್ಟಲು ವೈನ್ ಕುಡಿಯುತ್ತಾರೆ. ಕಥೋಲಿಕರಿಗೆ ಬಲಿಪೀಠದ ವೈನ್ ಕ್ರಿಸ್ತನ ರಕ್ತ. ಇಸ್ಲಾಂ ಮದ್ಯವನ್ನು ನಿಷೇಧಿಸಿದೆ. ಬೌದ್ಧರ ಪಂಚಶೀಲದ ಐದನೆಯದು ಅಮಲಿನಿಂದ ದೂರವಿರುವುದು. ಒಂದು ಬಟ್ಟಲು ಮುಂದಿಟ್ಟುಕೊಂಡು ಇಷ್ಟೂ ಮಾತಾಡಬಹುದು. ವೈನ್ ಮಾಡಬಲ್ಲ ಧರ್ಮಬೋಧಕರು ಅದನ್ನು ಬೇಡವೆಂದವರ ನಿಷ್ಠೆಯನ್ನೂ ಅಷ್ಟೇ ಪ್ರೀತಿಯಿಂದ ವಿವರಿಸಿದರೆ ಮಕ್ಕಳು ಮರೆಯುವುದಿಲ್ಲ.

ಕಾಲೇಜು 1886ರಲ್ಲಿ ಮುಚ್ಚಿತು. ಈಗ ಸೆವೆನ್‌ಹಿಲ್‌ಗೆ ಜನ ಧ್ಯಾನ ಶಿಬಿರಗಳಿಗೆ ಬರುತ್ತಾರೆ. ಪೂಜೆಗೆಂದು ನೆಟ್ಟ ಬಳ್ಳಿ ಮಾತ್ರ ಇನ್ನೂ ಫಲ ಕೊಡುತ್ತಿದೆ. ಜಾನ್ ಮೇ ಅವರ ನಂತರ ವೈನ್ ತಯಾರಿಕೆ ಸನ್ಯಾಸಿಗಳಲ್ಲದವರ ಕೈಗೆ ಬಂದಿದೆ, ಒಡೆತನ ಯೇಸುಸಭೆಯದೇ. ರೀಸ್ಲಿಂಗ್, ಶಿರಾಜ್ ವೈನ್‌ಗಳು ಮಾರಾಟಕ್ಕೆ ಹೋಗುತ್ತವೆ. ಬಲಿಪೂಜೆಯ ವೈನ್ ಈಗಲೂ ಇಲ್ಲಿ ತಯಾರಾಗಿ ಬೇರೆ ಬೇರೆ ಊರಿನ ಚರ್ಚುಗಳನ್ನು ತಲುಪುತ್ತಿದೆ.